ಚುರುಕು ಸ್ವಿಫ್ಟ್ ನಮ್ಮಲ್ಲಿಗೆ ಏಕೆ ಬರಲಿಲ್ಲ?

ಸ್ವಿಫ್ಟ್ ಎಂಬ ಕಾರು ಓಡಾಡದ ಊರು ನಮ್ಮ ದೇಶದಲ್ಲಿ ವಿರಳವೆಂದೇ ಹೇಳಬೇಕು. 2005ರಲ್ಲಿ ಇಲ್ಲಿ ಮಾರಾಟಕ್ಕೆ ಬಂದಂದಿನಿಂದ ಅದು ವೈದ್ಯರಿಗೂ ವರ್ತಕರಿಗೂ ಬಾಡಿಗೆ ಕಾರಿನವರಿಗೂ ಒಂದೇ ಸಮನಾಗಿ ಒಗ್ಗಿದೆ. ಆದರೆ ಇದೇ ಸ್ವಿಫ್ಟ್‌ಗೆ ಜಪಾನಿನಲ್ಲಿ ಒಬ್ಬ ಒಡಹುಟ್ಟಿದವನಿದ್ದಾನೆ. ಮೈಕಟ್ಟು ಬಹುಮಟ್ಟಿಗೆ ಅದೇ. ಹೃದಯ ಮಾತ್ರ ಬೇರೆ. ಅದರ ಹೆಸರು ಸ್ವಿಫ್ಟ್ ಸ್ಪೋರ್ಟ್. 2017ರ ಸೆಪ್ಟೆಂಬರಿನಲ್ಲಿ ಅದರ ಹೊಸ ರೂಪ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಮೇಲೆ, 'ಈ ಸಲವಾದರೂ ನಮ್ಮಲ್ಲಿಗೆ ಬಂದೀತು' ಎಂದು ನಮ್ಮ ದೇಶದ ಕಾರುಪ್ರಿಯರು ವರ್ಷದಿಂದ ವರ್ಷಕ್ಕೆ ಕಾದರು. 2018ರ ಫೆಬ್ರವರಿಯಲ್ಲಿ ದೆಹಲಿಯ ಬಳಿ ನಡೆದ ವಾಹನ ಪ್ರದರ್ಶನದಲ್ಲಿ ಹೊಸ ಸ್ವಿಫ್ಟ್ ಮಾರಾಟಕ್ಕೆ ಬಿಡುಗಡೆಯಾಯಿತು, ಸ್ಪೋರ್ಟ್ ಬರಲಿಲ್ಲ. ಆಮೇಲೂ ಬರಲಿಲ್ಲ.

ಭೌತಶಾಸ್ತ್ರದ ತರಗತಿಗೂ ಈ ನಿರೀಕ್ಷೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಶಕ್ತಿ ಮತ್ತು ಸಾಮರ್ಥ್ಯಗಳ ಪಾಠ ಮುಗಿದ ದಿನ ಹಿಂದಿನ ಬೆಂಚಿನಿಂದ ಏಳುವ ಮೊದಲ ಪ್ರಶ್ನೆ ಇಂಥ ಕಾರುಗಳದ್ದೇ ಆಗಿರುತ್ತದೆ. 'ಸಾರ್, ಬರೀ 173 ಸಿ.ಸಿ.ಗೋಸ್ಕರ ಆ ಕಾರು ನಿಂತುಹೋಯಿತಂತೆ, ನಿಜವೆ?' ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದುಂಟು. ಪ್ರಶ್ನೆ ಒಳ್ಳೆಯದು, ಉತ್ತರ ಸ್ವಲ್ಪ ಉದ್ದ.

ಹಿಂಬದಿಯಲ್ಲಿ ಮೇಲಕ್ಕೆತ್ತುವ ಬಾಗಿಲುಳ್ಳ, ಕುಟುಂಬದ ಉಪಯೋಗಕ್ಕೆಂದು ಮಾಡಿದ ಸಣ್ಣ ಕಾರನ್ನು ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ಇಂಥ ಸಾಧು ಕಾರಿಗೆ ಬಲವಾದ ಎಂಜಿನು, ಗಟ್ಟಿ ಸ್ಪ್ರಿಂಗು, ಅಗಲ ಟೈರು ಕೊಟ್ಟರೆ ಏನಾಗುವುದೆಂಬುದನ್ನು ಲೋಕಕ್ಕೆ ಚೆನ್ನಾಗಿ ತೋರಿಸಿಕೊಟ್ಟದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿ.ಟಿ.ಐ. 1976ರಲ್ಲಿ ಮಾರಾಟಕ್ಕೆ ಬಂದ ಆ ಕಾರಿನ ತೂಕ 800 ಕಿಲೋಗ್ರಾಮಿಗಿಂತ ತುಸು ಹೆಚ್ಚು, ಸಾಮರ್ಥ್ಯ 110 ಅಶ್ವಶಕ್ತಿ. ಐದು ಸಾವಿರ ಕಾರು ಮಾಡಿದರೆ ಸಾಕೆಂದು ತಯಾರಕರು ಮೊದಲು ಎಣಿಸಿದ್ದರು. ಆ ಮೊದಲ ಮಾದರಿಯೊಂದೇ ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ತಯಾರಕರ ಅಂದಾಜೂ ತಪ್ಪಬಹುದೆಂಬುದಕ್ಕೆ ಕಾರುಪ್ರಿಯರು ಇಂದಿಗೂ ಈ ಕಥೆಯನ್ನೇ ಮುಂದಿಡುತ್ತಾರೆ.

ಈಗ ಸ್ವಿಫ್ಟ್ ಸ್ಪೋರ್ಟಿನ ಲೆಕ್ಕವನ್ನು ನೋಡೋಣ. ಅದರ ಎಂಜಿನಿನಲ್ಲಿ ನಾಲ್ಕು ಸಿಲಿಂಡರುಗಳು. ಪ್ರತಿಯೊಂದರ ಒಳವ್ಯಾಸ 73 ಮಿಲಿಮೀಟರು, ಅದರೊಳಗೆ ಪಿಸ್ಟನ್ನು ಸಂಚರಿಸುವ ದೂರ 82 ಮಿಲಿಮೀಟರು. ವೃತ್ತದ ಕ್ಷೇತ್ರಫಲವನ್ನು ಈ ದೂರದಿಂದ ಗುಣಿಸಿ, ಬಂದದ್ದನ್ನು ನಾಲ್ಕು ಮಡಿ ಮಾಡಿದರೆ 1373 ಘನ ಸೆಂಟಿಮೀಟರು ದೊರೆಯುತ್ತದೆ. ಎಂಜಿನಿನ 'ಸಿ.ಸಿ.' ಎಂದು ಜನ ಹೇಳುವುದು ಇದನ್ನೇ. ಇದರ ಸಾಮರ್ಥ್ಯ 140 ಅಶ್ವಶಕ್ತಿ, ಅಂದರೆ 103 ಕಿಲೋವಾಟ್; ಅತ್ಯಧಿಕ ತಿರುಗುಬಲ 230 ನ್ಯೂಟನ್-ಮೀಟರು. ಕೈಗೇರಿನ ಜಪಾನೀ ಮಾದರಿಯ ತೂಕ 970 ಕಿಲೋಗ್ರಾಮು ಮಾತ್ರ. 2018ರಲ್ಲಿ ನಮ್ಮಲ್ಲಿಗೆ ಬಂದ ಪೆಟ್ರೋಲ್ ಸ್ವಿಫ್ಟ್‌ನದು 1197 ಘನ ಸೆಂಟಿಮೀಟರಿನ ಎಂಜಿನು, 83 ಅಶ್ವಶಕ್ತಿ, 113 ನ್ಯೂಟನ್-ಮೀಟರು.

ವಾಚಕರು ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗಾತ್ರದಲ್ಲಿ ಎರಡು ಎಂಜಿನುಗಳಿಗೂ ಇರುವ ಅಂತರ ನೂರಕ್ಕೆ ಹದಿನೈದರಷ್ಟು. ತಿರುಗುಬಲದಲ್ಲಿಯಾದರೋ ಒಂದು ಇನ್ನೊಂದರ ಇಮ್ಮಡಿಗೂ ಮೀರಿದೆ. ಇದು ಹೇಗೆ? ನಾಲ್ಕು ಹಂತಗಳ ಎಂಜಿನಿನಲ್ಲಿ ದಂಡವು ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರೂ ಒಮ್ಮೆ ಸಿಡಿಯುತ್ತದೆ. ಎರಡು ಸುತ್ತೆಂದರೆ 4π ರೇಡಿಯನ್. ಆದ್ದರಿಂದ ಆ ಅವಧಿಯಲ್ಲಿ ನಡೆದ ಕೆಲಸ 230ರ 4π ಪಟ್ಟು, ಅಂದರೆ ಸುಮಾರು 2890 ಜೌಲ್. ಈ ಕೆಲಸವನ್ನು ಎಂಜಿನಿನ ಗಾತ್ರದಿಂದ ಭಾಗಿಸಿದರೆ ಪಿಸ್ಟನ್ನಿನ ಮೇಲೆ ಬಿದ್ದ ಸರಾಸರಿ ಒತ್ತಡ ಬರುತ್ತದೆ: ಹೆಚ್ಚುಕಡಿಮೆ 21 ಲಕ್ಷ ಪಾಸ್ಕಲ್, ವಾತಾವರಣದ ಒತ್ತಡದ 21 ಪಟ್ಟು. ಸಾಧಾರಣ ಸ್ವಿಫ್ಟ್‌ಗೆ ಇದೇ ಲೆಕ್ಕ ಹಾಕಿದರೆ ಸಿಗುವುದು 12 ಪಟ್ಟು. ಹೀಗೆ ಸ್ಪೋರ್ಟಿನ ಬಲವು ಹೆಚ್ಚಾಗಿ ಬಂದಿರುವುದು ಹಿರಿಯ ಗಾತ್ರದಿಂದಲ್ಲ, ಹಿರಿಯ ಒತ್ತಡದಿಂದ.

ಒತ್ತಡವನ್ನು ಹೆಚ್ಚಿಸುವ ಉಪಾಯವೇ ಟರ್ಬೊ. ಪೆಟ್ರೋಲು ಉರಿಯಬೇಕಾದರೆ ಆಮ್ಲಜನಕ ಬೇಕಷ್ಟೆ. ಸಾಧಾರಣ ಎಂಜಿನು ಪಿಸ್ಟನ್ನು ಕೆಳಗಿಳಿದಾಗ ತಾನಾಗಿ ಒಳನುಗ್ಗುವ ಗಾಳಿಯಿಂದ ತೃಪ್ತಿ ಪಡಬೇಕು. ಟರ್ಬೊ ಉಳ್ಳದ್ದು ಹೊರಹೋಗುವ ಬಿಸಿ ಹೊಗೆಯಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಅದುಮಿ ಒಳಗೆ ತುಂಬುತ್ತದೆ. ವ್ಯರ್ಥವಾಗಿ ಹೋಗುತ್ತಿದ್ದ ಶಾಖಕ್ಕೆ ಒಂದು ಉದ್ಯೋಗ ಸಿಕ್ಕಿತು. ಆದರೆ ಬಿಟ್ಟಿಯಾಗಿ ಏನೂ ದೊರಕದು. ಅದುಮಿದ ಅನಿಲ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲ ಇದನ್ನು ಕೈಯಿಂದಲೇ ಬಲ್ಲರು. 30 ಡಿಗ್ರಿಯ ಗಾಳಿಯನ್ನು ಶಾಖ ಹೊರಹೋಗದಂತೆ 1.8 ಪಟ್ಟು ಒತ್ತಡಕ್ಕೆ ತಂದರೆ, ನಷ್ಟವಿಲ್ಲದ ಆದರ್ಶ ಯಂತ್ರದಲ್ಲಿಯೂ ಅದು 85 ಡಿಗ್ರಿಗೆ ಏರುತ್ತದೆ. ನಿಜವಾದ ಯಂತ್ರದಲ್ಲಿ ಇನ್ನೂ ಹೆಚ್ಚು. ಬಿಸಿ ಗಾಳಿ ವಿರಳವಾಗುವುದರಿಂದ ಒಂದು ಕಡೆ ನಷ್ಟ. ಮತ್ತೊಂದು ಕಡೆ ಅಪಾಯ, ಏಕೆಂದರೆ ಇಂಧನದ ಮಿಶ್ರಣ ಕಿಡಿಯನ್ನು ಕಾಯದೆ ತಾನೇ ಸಿಡಿದು ಪಿಸ್ಟನ್ನನ್ನು ಗುದ್ದಬಹುದು. ಇದನ್ನು ತಡೆಯಲು ನಡುವೆ ಗಾಳಿಯನ್ನು ತಂಪುಗೊಳಿಸುವ ಸಾಧನವನ್ನಿಡುತ್ತಾರೆ. ಸ್ಪೋರ್ಟಿಗೆ ಜಪಾನಿನಲ್ಲಿ ಹೆಚ್ಚಿನ ಆಕ್ಟೇನಿನ ಪೆಟ್ರೋಲನ್ನೇ ಹಾಕಬೇಕೆಂದು ವಿಧಿಸಿರುವುದೂ ಈ ಕಾರಣದಿಂದ. ಸಾಧಾರಣ ಟರ್ಬೊ ಕಾರುಗಳ ನಿಯಂತ್ರಕ ಗಣಕದಲ್ಲಿ ಕೈಯಾಡಿಸಿ ಒತ್ತಡವನ್ನು ಏರಿಸಿಕೊಡುವ ಅಂಗಡಿಗಳು ಈಗ ನಮ್ಮ ನಗರಗಳಲ್ಲಿವೆ. ಆ ಪಿಸ್ಟನ್ನು, ಆ ಗೇರು, ಆ ಬ್ರೇಕುಗಳು ಯಾವ ಒತ್ತಡಕ್ಕೆ ಲೆಕ್ಕ ಹಾಕಿ ಮಾಡಿದವೋ ಅದನ್ನು ಕೇಳದೆ ಅಲ್ಲಿ ಹಣ ಸುರಿಯುವುದು ಜಾಣತನವೆಂದು ನಮಗೆ ತೋರುವುದಿಲ್ಲ.

ಇಷ್ಟು ಬಲದಿಂದ ಕಾರು ಎಷ್ಟು ಬೇಗ ವೇಗ ಪಡೆದೀತು? ಚಾಲಕನನ್ನೂ ಸೇರಿಸಿ ತೂಕ 1040 ಕಿಲೋಗ್ರಾಮು ಎಂದಿಟ್ಟುಕೊಳ್ಳೋಣ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಅದರ ಚಲನಶಕ್ತಿ ಸುಮಾರು 4 ಲಕ್ಷ ಜೌಲ್. ಎಂಜಿನು ಸತತವಾಗಿ 103 ಕಿಲೋವಾಟ್ ಕೊಟ್ಟಿತೆನ್ನಿ. ನಾಲ್ಕು ಸೆಕೆಂಡು ಸಾಕು. ವಾಸ್ತವದಲ್ಲಿ ತಯಾರಕರೇ ಹೇಳುವುದು ಸುಮಾರು 8 ಸೆಕೆಂಡು. ಉಳಿದ ನಾಲ್ಕು ಸೆಕೆಂಡು ಎಲ್ಲಿ ಹೋಯಿತು? ಕೆಲವು ಗೇರು ಬದಲಿಸುವಾಗ, ಕೆಲವು ಎಂಜಿನು ತನ್ನ ತುದಿಯ ವೇಗಕ್ಕೆ ಏರುವ ಮೊದಲು, ಅಲ್ಪಸ್ವಲ್ಪ ಗಾಳಿಯ ತಡೆಗೆ. ಆದರೆ ಇದೆಲ್ಲಕ್ಕಿಂತ ಮೂಲವಾದ ಒಂದು ಮಿತಿಯುಂಟು.

ಸ್ವಿಫ್ಟ್‌ನಲ್ಲಿ ಎಂಜಿನು ತಿರುಗಿಸುವುದು ಮುಂದಿನ ಗಾಲಿಗಳನ್ನು. ಕಾರನ್ನು ಮುಂದೂಡುವುದು ಎಂಜಿನೆಂದು ನಾವು ವಾಡಿಕೆಯಲ್ಲಿ ಹೇಳಿದರೂ, ವಸ್ತುತಃ ಅದನ್ನು ಮುಂದೂಡುವುದು ರಸ್ತೆಯು ಗಾಲಿಗೆ ಕೊಡುವ ಘರ್ಷಣೆ. ಆ ಘರ್ಷಣೆ ಗಾಲಿಯ ಮೇಲಿರುವ ಭಾರಕ್ಕೆ ಅನುಗುಣ. ನಿಂತಿರುವಾಗ ಭಾರದಲ್ಲಿ ನೂರಕ್ಕೆ 62 ಪಾಲು ಮುಂದಿನ ಗಾಲಿಗಳ ಮೇಲಿದೆಯೆಂದು ಭಾವಿಸೋಣ. ಕಾರು ವೇಗೋತ್ಕರ್ಷ ಪಡೆದೊಡನೆ ಒಳಗೆ ಕುಳಿತವರ ಬೆನ್ನು ಆಸನಕ್ಕೆ ಒತ್ತುವಂತೆ ಕಾರಿನ ಭಾರವೂ ಹಿಂದಿನ ಗಾಲಿಗಳ ಕಡೆಗೆ ಸರಿಯುತ್ತದೆ. ಗುರುತ್ವಕೇಂದ್ರದ ಎತ್ತರ ಅರ್ಧ ಮೀಟರು, ಗಾಲಿಯಚ್ಚುಗಳ ನಡುವಣ ದೂರ 2.45 ಮೀಟರು, ಸೆಕೆಂಡಿಗೆ ಸೆಕೆಂಡಿಗೆ 4 ಮೀಟರಿನ ವೇಗೋತ್ಕರ್ಷದಲ್ಲಿ ಸುಮಾರು 87 ಕಿಲೋಗ್ರಾಮಿನಷ್ಟು ಭಾರ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಎಳೆಯಬೇಕಾದ ಗಾಲಿಗಳೇ ಹಗುರವಾದವು! ಒಣ ರಸ್ತೆಯ ಘರ್ಷಣಾಂಕವನ್ನು 0.9 ಎಂದು ಹಿಡಿದು ಲೆಕ್ಕ ಮಾಡಿದರೆ, ಎಂಜಿನು ಎಷ್ಟೇ ಬಲವಾಗಿರಲಿ, ವೇಗೋತ್ಕರ್ಷ 4.6 ಮೀಟರಿಗಿಂತ ಮೇಲೇರದು. ಅಂದರೆ ನೂರು ಕಿಲೋಮೀಟರು ವೇಗಕ್ಕೆ ಕನಿಷ್ಠ 6 ಸೆಕೆಂಡು ಬೇಕೇಬೇಕು. ರಸ್ತೆ ತೊಯ್ದು ಘರ್ಷಣಾಂಕ 0.5ಕ್ಕೆ ಇಳಿದರೆ ಅದೇ ಕಾರಿಗೆ 10 ಸೆಕೆಂಡು.

ಇದು ಬರಿಯ ಕಾಗದದ ಲೆಕ್ಕವಲ್ಲವೆಂಬುದಕ್ಕೆ ಗಾಲ್ಫ್ ಜಿ.ಟಿ.ಐ. ಸಾಕ್ಷಿ. 2025ರ ಮೇ ತಿಂಗಳಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾದ ಮಾದರಿಯ ಸಾಮರ್ಥ್ಯ 265 ಅಶ್ವಶಕ್ತಿ. ಅದೂ ಮುಂದಿನ ಗಾಲಿಗಳಿಂದಲೇ ಎಳೆಯುವ ಕಾರು. ನೂರರ ವೇಗಕ್ಕೆ ಅದು ತೆಗೆದುಕೊಳ್ಳುವ ಕಾಲ 5.9 ಸೆಕೆಂಡು. ಅಶ್ವಶಕ್ತಿ ಸ್ವಿಫ್ಟ್ ಸ್ಪೋರ್ಟಿನ ಹತ್ತಿರ ಹತ್ತಿರ ಇಮ್ಮಡಿ. ಉಳಿದದ್ದು ಎರಡೇ ಸೆಕೆಂಡು.

ಹಾಗಾದರೆ ಇಂಥ ಕಾರುಗಳ ಮೇಲೆ ಇಷ್ಟು ಮೋಹವೇಕೆ? ನಮಗೆ ತೋರುವಂತೆ ಅದರ ಗುಟ್ಟು ನೇರದಾರಿಯಲ್ಲಿಲ್ಲ, ತಿರುವಿನಲ್ಲಿದೆ. ಹಗುರ ಕಾರನ್ನು ತಿರುಗಿಸಲು ಬೇಕಾದ ಕೇಂದ್ರಾಭಿಮುಖ ಬಲ ಕಡಿಮೆ. ಒಡಲು ನೆಲಕ್ಕೆ ಹತ್ತಿರವಿದ್ದಷ್ಟೂ ಹೊರಬದಿಯ ಗಾಲಿಗೆ ಜಿಗಿಯುವ ಭಾರವೂ ಕಡಿಮೆ. ಇದಕ್ಕಾಗಿ ಸ್ಪೋರ್ಟಿನ ತಳವನ್ನು ನೆಲದಿಂದ 120 ಮಿಲಿಮೀಟರಿಗೆ ಇಳಿಸಿದ್ದಾರೆ. ನಮ್ಮ ಸ್ವಿಫ್ಟ್‌ನ ತಳ 163 ಮಿಲಿಮೀಟರು ಎತ್ತರದಲ್ಲಿದೆ.

'ಹಾಗಿದ್ದರೆ ನಮ್ಮ ರಸ್ತೆಯ ಉಬ್ಬುಗಳ ಗತಿಯೇನು?' ಎಂದು ಕೂಡಲೆ ಕೇಳುವರು. ಇಲ್ಲಿ ಒಂದು ಸೊಗಸಾದ ರೇಖಾಗಣಿತವಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ವಿಧಿಯಂತೆ ಉಬ್ಬು 17 ಮೀಟರು ತ್ರಿಜ್ಯದ ಕಂಸವಾಗಿರಬೇಕು, ಅಗಲ 3.7 ಮೀಟರು, ನಡುವಿನ ಎತ್ತರ 10 ಸೆಂಟಿಮೀಟರು. 2.45 ಮೀಟರಿನ ಅಂತರದ ಗಾಲಿಗಳೆರಡೂ ಈ ಕಂಸದ ಮೇಲೆಯೇ ಇರುವಾಗ ಅವುಗಳ ನಡುವೆ ಉಬ್ಬು ಮೇಲೇಳುವುದು ಕೇವಲ 44 ಮಿಲಿಮೀಟರು. 120 ಮಿಲಿಮೀಟರು ತಳದ ಕಾರು, ತುಂಬು ಸಂಸಾರದ ಭಾರಕ್ಕೆ ಕುಗ್ಗಿದರೂ, ನಿರಾತಂಕವಾಗಿ ದಾಟಬೇಕು. ಆದರೆ ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ ಉಬ್ಬುಗಳಿಗೆ ವಿಧಿಯೂ ಇಲ್ಲ, ತ್ರಿಜ್ಯವೂ ಇಲ್ಲ. ಒಂದು ಮೊಳ ಅಗಲದ ಡಾಂಬರಿನ ದಿಣ್ಣೆ ಗಾಲಿಗಳ ನಡುವೆ ಬಂದಾಗ ಅದರ ಪೂರ್ಣ ಎತ್ತರವೇ ಲೆಕ್ಕಕ್ಕೆ ಬರುತ್ತದೆ. 12 ಸೆಂಟಿಮೀಟರಿನದಾದರೆ ಕಾರಿನ ಹೊಟ್ಟೆ ತೆರೆಯಿತೆಂದೇ ತಿಳಿಯಬೇಕು. ಕಾರನ್ನು ಎತ್ತರಿಸಬಹುದು, ಎತ್ತರಿಸಿದಷ್ಟೂ ಅದು ಸ್ಪೋರ್ಟಾಗಿ ಉಳಿಯುವುದು ಕಡಿಮೆ.

ಇನ್ನು ಆ 173ರ ವಿಷಯ. 2006ರ ಕೇಂದ್ರ ಆಯವ್ಯಯದಲ್ಲಿ ಸಣ್ಣ ಕಾರಿಗೆ ಒಂದು ವ್ಯಾಖ್ಯೆ ಕೊಟ್ಟು ಅದರ ಉತ್ಪಾದನಾ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಿದರು. ಉದ್ದ 4 ಮೀಟರನ್ನು ಮೀರಬಾರದು. ಪೆಟ್ರೋಲ್ ಎಂಜಿನು 1200 ಘನ ಸೆಂಟಿಮೀಟರನ್ನು, ಡೀಸೆಲ್ ಎಂಜಿನು 1500ನ್ನು ಮೀರಬಾರದು. ಆಮೇಲೆ ತೆರಿಗೆಯ ಹೆಸರು ಬದಲಾದರೂ ಗೆರೆ ಇದ್ದಲ್ಲಿಯೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿನ ಕಾರಿಗೆ ನೂರಕ್ಕೆ 18, ಹೊರಗಿನದಕ್ಕೆ 40 ತೆರಿಗೆ. ಎಂಟು ಲಕ್ಷ ರೂಪಾಯಿ ಮೌಲ್ಯದ ಕಾರು ಒಳಗಿದ್ದರೆ 9,44,000, ಹೊರಗಿದ್ದರೆ 11,20,000. ಸ್ಪೋರ್ಟಿನ ಉದ್ದ 3.89 ಮೀಟರು, ಆ ಪರೀಕ್ಷೆಯಲ್ಲಿ ಅದು ಪಾಸು. 1373 ಘನ ಸೆಂಟಿಮೀಟರಿನ ಎಂಜಿನಿನಲ್ಲಿ ಮಾತ್ರ ಫೇಲು. ಆದ್ದರಿಂದ ವಿದ್ಯಾರ್ಥಿಯ ಮಾತು ಪೂರ್ತಿ ನಿಜವಲ್ಲದಿದ್ದರೂ ಸುಳ್ಳೂ ಅಲ್ಲ. ಎಂಜಿನಿನ ಗಾತ್ರ ಬಲದ ಅಳತೆಯೇ ಅಲ್ಲವೆಂದು ಮೇಲೆ ಕಂಡೆವಾದರೂ ಕಾನೂನು ಇಂದಿಗೂ ಗಾತ್ರವನ್ನೇ ಅಳೆಯುತ್ತದೆ.

ಇಲ್ಲಿ ತಯಾರಿಸದೆ ಜಪಾನಿನಿಂದಲೇ ತರಿಸಬಹುದಲ್ಲವೆ? ತರಿಸಬಹುದು. 2018ರ ಒಂದು ನಿಯಮದಂತೆ ತಯಾರಕರು ವರ್ಷಕ್ಕೆ 2500 ಕಾರುಗಳನ್ನು ಇಲ್ಲಿ ಪುನಃ ಪರೀಕ್ಷೆಗೊಡ್ಡದೆ ಆಮದು ಮಾಡಿಕೊಳ್ಳಬಹುದು. ಆದರೆ ಆಮದಾದ ಸಣ್ಣ ಕಾರಿನ ಮೇಲೆ 2025ರ ಲೆಕ್ಕದಂತೆ ಮೊದಲು ನೂರಕ್ಕೆ 70 ಸುಂಕ, ಆ ಮೊತ್ತದ ಮೇಲೆ ನೂರಕ್ಕೆ 40 ತೆರಿಗೆ. 1.7ನ್ನು 1.4ರಿಂದ ಗುಣಿಸಿದರೆ 2.38. ಬಂದರಿನಲ್ಲಿ 10 ಲಕ್ಷ ಬೆಲೆಯ ಕಾರು ಅಂಗಡಿಗೆ ಬರುವಷ್ಟರಲ್ಲಿ, ವರ್ತಕರ ಲಾಭವನ್ನು ಬಿಟ್ಟೇ, 23,80,000 ರೂಪಾಯಿ. ಇದೇ ದಾರಿಯಿಂದ ಬಂದ ಗಾಲ್ಫ್‌ಗೆ 53 ಲಕ್ಷವಾಯಿತು. ಅದರ ಮೊದಲ 150 ಕಾರುಗಳು ಬಿಡುಗಡೆಗೆ ಮುನ್ನವೇ ಖರ್ಚಾದವೆಂಬುದು ಬೇರೆ ಮಾತು. 53 ಲಕ್ಷ ಕೊಡಬಲ್ಲವರಿಗೂ ಸ್ವಿಫ್ಟ್‌ನ ಕನಸು ಕಾಣುವ ವಿದ್ಯಾರ್ಥಿಗೂ ಬಹಳ ದೂರ.

ಗೆರೆಯ ಒಳಗೇ ಇದ್ದುಕೊಂಡು ಮಾಡಿದ ಪ್ರಯತ್ನಗಳೂ ಉಂಟು. 2017ರಲ್ಲಿ ಬಂದ ಬಲೆನೊ ಆರ್‌.ಎಸ್‌.ಗೆ 998 ಘನ ಸೆಂಟಿಮೀಟರಿನ ಟರ್ಬೊ ಎಂಜಿನಿತ್ತು, 102 ಅಶ್ವಶಕ್ತಿಯದು. ಅದು ಕೆಲವೇ ವರ್ಷಗಳಲ್ಲಿ ನಿಂತಿತು. 2021ರ ಹ್ಯುಂಡೈ ಐ20 ಎನ್ ಲೈನ್ ಮತ್ತು 2024ರ ಟಾಟಾ ಆಲ್ಟ್ರೋಜ್ ರೇಸರ್ ಎರಡೂ 120 ಅಶ್ವಶಕ್ತಿಯನ್ನು 1200ರ ಒಳಗಿನ ಎಂಜಿನಿನಿಂದಲೇ ಪಡೆದವು.

ನಾವು ವಿವರಿಸಿದ 1373ರ ಸ್ವಿಫ್ಟ್ ಸ್ಪೋರ್ಟ್ ಜಪಾನಿನಲ್ಲಿಯೂ 2025ರಲ್ಲಿ ತನ್ನ ಅಂತಿಮ ಆವೃತ್ತಿಯನ್ನು ಕಂಡಿತು. ಇದರಿಂದ ಕಾರುಪ್ರಿಯರ ಆಸೆ ಆರಿಲ್ಲ, ದಿಕ್ಕು ಬದಲಿಸಿದೆ ಅಷ್ಟೆ. ಈಗ ಅವರು ಬೆರಳಿಡುವುದು ಫ್ರಾಂಕ್ಸ್ ಕಾರಿನ ಕಡೆಗೆ. 2023ರಲ್ಲಿ ನಮ್ಮ ದೇಶದಲ್ಲಿಯೇ ತಯಾರಾಗಿ ಹೊರಬಂದ ಅದರೊಳಗೆ ಹಳೆಯ ಬಲೆನೊ ಆರ್‌.ಎಸ್‌.ನ ವಂಶದ ಅದೇ 998 ಘನ ಸೆಂಟಿಮೀಟರಿನ ಟರ್ಬೊ ಎಂಜಿನಿದೆ: 100 ಅಶ್ವಶಕ್ತಿ, 148 ನ್ಯೂಟನ್-ಮೀಟರು. ಪಿಸ್ಟನ್ನಿನ ಮೇಲಣ ಸರಾಸರಿ ಒತ್ತಡವನ್ನು ಮೇಲಿನ ಕ್ರಮದಲ್ಲಿಯೇ ಲೆಕ್ಕ ಮಾಡಿದರೆ ವಾತಾವರಣದ ಒತ್ತಡದ ಸುಮಾರು 18½ ಪಟ್ಟು ಬರುತ್ತದೆ. ಸ್ಪೋರ್ಟಿನ 21ಕ್ಕೆ ಇದು ಬಹಳ ದೂರವಲ್ಲ. ಇದನ್ನು ಇಂದಿನ ಸ್ವಿಫ್ಟ್‌ನ ಹಗುರ ಒಡಲಿನಲ್ಲಿ ಕೂರಿಸಿದರೆ ಉದ್ದವೂ ಗೆರೆಯ ಒಳಗೆ, ಎಂಜಿನೂ ಗೆರೆಯ ಒಳಗೆ, ತೆರಿಗೆ ನೂರಕ್ಕೆ 18. ಎಂಜಿನು ಇಲ್ಲಿಯೇ ಇದೆ, ಒಡಲೂ ಇಲ್ಲಿಯೇ ಇದೆ. ವರ್ಷಕ್ಕೆ ಎಷ್ಟು ಜನ ಕೊಂಡಾರು ಎಂಬ ಒಂದು ಸಂಖ್ಯೆಯನ್ನು ಮಾತ್ರ ತಯಾರಕರೇ ಊಹಿಸಬೇಕಾಗಿದೆ.