ಹೃದಯದ ಮಾತ್ರೆಯ ಜೊತೆ ಮಂಡಿನೋವಿನ ಮಾತ್ರೆ

ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಕಡೆಯವರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಳ್ಳಬೇಕೆಂದರೆ ಮೈಸೂರಿನ ಜಯದೇವದಂಥ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಮಂಡಿನೋವಿಗಾದರೆ ಹತ್ತಿರದ ಮೆಡಿಕಲ್ ಸ್ಟೋರೇ ಸಾಕು. ಅಲ್ಲಿ ಚೀಟಿ ಬರೆದವರಿಗೆ ಇಲ್ಲಿಯ ಮಾತ್ರೆ ಗೊತ್ತಿಲ್ಲ, ಇಲ್ಲಿ ಮಾತ್ರೆ ಕೊಟ್ಟವರು ಆ ಚೀಟಿ ನೋಡಿಲ್ಲ. ಅಪಾಯ ಹುಟ್ಟುವುದು ಇಲ್ಲೇ.

ಕಾಲುವೆಯ ಏರಿ ಒಡೆದರೆ ಮೊದಲು ಮರಳಿನ ಮೂಟೆ ಒಡ್ಡಿ, ಆಮೇಲೆ ಮಣ್ಣು ತುಂಬಿ ಗಟ್ಟಿ ಮಾಡುತ್ತಾರೆ. ರಕ್ತನಾಳ ಸೀಳಿದಾಗಲೂ ಮೊದಲು ಪ್ಲೇಟ್‌ಲೆಟ್ ಕಣಗಳು ಬಂದು ಅಡ್ಡ ನಿಲ್ಲುತ್ತವೆ. ನಂತರ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಹೆಣೆಯುತ್ತವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಪ್ಲೇಟ್‌ಲೆಟ್‌ಗಳನ್ನು ತಡೆಯುತ್ತವೆ. ಕವಾಟ ಬದಲಿಸಿದವರು ನುಂಗುವ ವಾರ್ಫರಿನ್, ಅಸಿಟ್ರಾಮ್ ಮಾತ್ರೆಗಳು ಎರಡನೆಯ ಹಂತಕ್ಕೆ ಅಡ್ಡಿ ಮಾಡುತ್ತವೆ.

ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ. ಆಸ್ಪಿರಿನ್ ಕೆಡಿಸಿದ ಕಿಣ್ವವನ್ನು ಅದು ಮತ್ತೆ ತಯಾರಿಸಲಾರದು. ಹೀಗಾಗಿ ಒಂದು ಮಾತ್ರೆಯ ಪ್ರಭಾವ ಆ ಕಣದ 7ರಿಂದ 10 ದಿನದ ಆಯಸ್ಸು ಮುಗಿಯುವವರೆಗೂ ಉಳಿಯುತ್ತದೆ. ಸ್ಟೆಂಟ್ ಹಾಕಿದ ಮೇಲೆ ವೈದ್ಯರು ಬೇಕೆಂದೇ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ಎರಡು ಮಾತ್ರೆ ಒಟ್ಟಿಗೆ ಕೊಡುತ್ತಾರೆ. ಇದರ ಮೇಲೆ ಮಂಡಿನೋವಿನ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಸೇರಿದರೆ ಜಠರದ ಒಳಪೊರೆಯ ರಕ್ಷಣೆಯೇ ಕುಗ್ಗುತ್ತದೆ. ಹುಣ್ಣಾಗುವುದೂ ಸುಲಭ, ಆದ ಹುಣ್ಣಿನಿಂದ ರಕ್ತ ನಿಲ್ಲದಿರುವುದೂ ಸುಲಭ. ನೋವಿನ ಸೂಜಿ ಹೊಟ್ಟೆಗೆ ಹೋಗುವುದಿಲ್ಲವಲ್ಲ ಎನ್ನುವವರಿದ್ದಾರೆ. ಸೂಜಿಯ ಔಷಧವೂ ರಕ್ತದ ಮೂಲಕ ಅದೇ ಕೆಲಸ ಮಾಡುತ್ತದೆ.

ವಾರ್ಫರಿನ್ನಿನ ಕಥೆ ದನಕರು ಸಾಕುವವರಿಗೆ ಹತ್ತಿರದ್ದು. ಅಮೆರಿಕದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ಕಾರಣವಾದ ವಸ್ತುವನ್ನು ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಲಿಂಕ್ ತಂಡ 1940ರ ಹೊತ್ತಿಗೆ ಗುರುತಿಸಿತು. ಅದರ ಮುಂದುವರಿಕೆಯಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಬಂತು. 1954ರಿಂದ ಮನುಷ್ಯರಿಗೆ ಔಷಧವಾಯಿತು. ಪ್ರಮಾಣ ತಪ್ಪಿದರೆ ಅದು ಮತ್ತೆ ವಿಷವೇ. ಅದಕ್ಕಾಗಿಯೇ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಅಳೆಯುವ ಐಎನ್ಆರ್ ಪರೀಕ್ಷೆ. ಹೆಚ್ಚಿನವರಲ್ಲಿ ಅದು 2ರಿಂದ 3ರೊಳಗೆ ಇರಬೇಕು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಶಿಲೀಂಧ್ರ ಸೋಂಕಿನ ಫ್ಲುಕೊನಜೋಲ್ ಯಕೃತ್ತಿನಲ್ಲಿ ವಾರ್ಫರಿನ್ ವಿಭಜನೆಯಾಗುವುದನ್ನು ತಡೆದು ಆ ಅಂಕಿಯನ್ನು ಏರಿಸುತ್ತವೆ. ಸೊಪ್ಪಿನ ಬಸ್ಸಾರು ಬಿಡಬೇಕಾಗಿಲ್ಲ. ವಾರ್ಫರಿನ್ ಪ್ರಭಾವ ಕುಗ್ಗಿಸುವ ವಿಟಮಿನ್ ಕೆ ಇರುವ ಸೊಪ್ಪನ್ನು ಒಂದು ವಾರ ರಾಶಿ ತಿಂದು ಮುಂದಿನ ವಾರ ಪೂರ್ತಿ ಬಿಡಬಾರದು, ಅಷ್ಟೆ.

ಮಲ ಟಾರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ವಸಡಿನ ರಕ್ತ ನಿಲ್ಲದಿದ್ದರೆ, ತಲೆಗೆ ಏಟು ಬಿದ್ದರೆ ಅಥವಾ ಒಮ್ಮೆಲೇ ವಿಪರೀತ ತಲೆನೋವು ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೆದರಿ ಮಾತ್ರೆಯನ್ನು ತಾನಾಗಿಯೇ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು: ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಹೆಚ್ಚು ಸುರಕ್ಷಿತ. ಅದನ್ನೂ ವೈದ್ಯರನ್ನು ಕೇಳಿ, ಅವರು ಹೇಳಿದಷ್ಟೇ.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಿಂದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಗಳವರೆಗೂ ಬಂದಿದೆ. ಅದನ್ನು ಕೊಡುವ ಮುನ್ನ ವೈದ್ಯರು ತಿಳಿಯಲೇಬೇಕಾದ ಸಂಗತಿಗಳಲ್ಲಿ ರೋಗಿ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬುದೂ ಒಂದು. ನಿಮ್ಮ ಮನೆಯ ಹಿರಿಯರ ಎಲ್ಲ ಮಾತ್ರೆಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಅವರ ಜೇಬಿನಲ್ಲಿಡಿ. ಸೂಜಿಗಾಗಲಿ, ಹಲ್ಲು ಕೀಳಿಸಲಾಗಲಿ ಹೋದಾಗ ಮೊದಲು ಅದನ್ನೇ ತೋರಿಸಿ.