10,000 ವಾಟ್ ಹೋಂ ಥಿಯೇಟರ್: ಪೆಟ್ಟಿಗೆ ಮೇಲಿನ ಅಂಕಿಯನ್ನು ನಂಬಬಹುದೇ?

‘10,000 ವಾಟ್ ಹೋಂ ಥಿಯೇಟರ್, ಆಫರ್ ಇವತ್ತು ಮಾತ್ರ, ಎಲ್ಲ ಗ್ರೂಪ್‌ಗೂ ಕಳಿಸಿ.’ ಹಬ್ಬದ ಸಮಯ ಬಂತೆಂದರೆ ಇಂಥ ಫಾರ್ವರ್ಡ್‌ಗಳು ಫೋನಿಗೆ ಬರುತ್ತಲೇ ಇರುತ್ತವೆ. ವಾಟ್ ಜಾಸ್ತಿ ಇದ್ದಷ್ಟೂ ಸೌಂಡ್ ಚೆನ್ನಾಗಿರುತ್ತದೆ ಎಂಬುದು ಇವುಗಳ ಹಿಂದಿನ ನಂಬಿಕೆ. ಇದು ನಿಜವೇ?

ಒಂದೇ ಮಾತಿನ ಉತ್ತರ: ಇಲ್ಲ. ಪೆಟ್ಟಿಗೆ ಮೇಲೆ ದೊಡ್ಡದಾಗಿ ಅಚ್ಚಾದ ವಾಟ್ ಅಂಕಿಗೂ ನಿಮ್ಮ ಮನೆಯಲ್ಲಿ ಕೇಳಿಸುವ ಸದ್ದಿಗೂ ಅನೇಕ ಸಲ ಸಂಬಂಧವೇ ಇರುವುದಿಲ್ಲ. ಬೆಳಿಗ್ಗೆ ಮಾರಿಕುಪ್ಪಂ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವ ಕುಟುಂಬಕ್ಕೆ ಇದು ತಿಂಗಳುಗಟ್ಟಲೆ ಕಟ್ಟುವ ಇಎಂಐ ದುಡ್ಡಿನ ವಿಷಯ. ಆದ್ದರಿಂದ ಲೆಕ್ಕವನ್ನು ಒಮ್ಮೆ ಹಾಕಿಯೇ ನೋಡೋಣ.

ವಾಟ್ ಲೆಕ್ಕ ಕೆಜಿಎಫ್‌ಗೆ ಹೊಸದಲ್ಲ

ಕೋಲಾರ ಚಿನ್ನದ ಗಣಿಗೆ ಕರೆಂಟ್ ಬಂದದ್ದು 1902ರಲ್ಲಿ, ಕಾವೇರಿಯ ಶಿವನಸಮುದ್ರದಿಂದ, ಸುಮಾರು 150 ಕಿ.ಮೀ. ದೂರದ ತಂತಿಯ ಮೂಲಕ. ಬೆಂಗಳೂರಿನ ಬೀದಿ ದೀಪಗಳು ಬೆಳಗಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಶಿವನಸಮುದ್ರದಲ್ಲಿ ಆರಂಭದಲ್ಲಿದ್ದದ್ದು ತಲಾ 720 ಕಿಲೋವಾಟ್‌ನ ಆರು ಜನರೇಟರ್. ಒಟ್ಟು 4,320 ಕಿಲೋವಾಟ್.

ಈಗ ಫಾರ್ವರ್ಡ್‌ಗೆ ಬನ್ನಿ. 10,000 ವಾಟ್ ಎಂದರೆ 10 ಕಿಲೋವಾಟ್. ಪೆಟ್ಟಿಗೆ ಹೇಳುವುದು ನಿಜವಾದರೆ, ಇಂಥ 432 ಸೆಟ್‌ಗಳನ್ನು ಒಟ್ಟಿಗೆ ಹಚ್ಚಿದರೆ ಸಾಕು, ಗಣಿಗಳಿಗಾಗಿ ಕಟ್ಟಿದ ಆ ಇಡೀ ವಿದ್ಯುತ್ ಕೇಂದ್ರದ ಶಕ್ತಿಯೆಲ್ಲ ಖರ್ಚಾಗಬೇಕು. ಗಣಿ ಯಂತ್ರಗಳಿಗೆ ಬೇಕಾದ ಶಕ್ತಿಯನ್ನು ಒಂದು ಬಡಾವಣೆಯ ಟಿವಿ ಸ್ಟ್ಯಾಂಡ್‌ಗಳು ತಿಂದು ಹಾಕುತ್ತವೆಯೇ? ಇಲ್ಲ. ತಪ್ಪಿರುವುದು ಅಂಕಿಯಲ್ಲಿ.

ಇನ್ನೊಂದು ಪರೀಕ್ಷೆ ನಿಮ್ಮ ಗೋಡೆಯಲ್ಲೇ ಇದೆ. ಟಿವಿ, ಚಾರ್ಜರ್ ಹಾಕುವ ಚಿಕ್ಕ ಸಾಕೆಟ್ 6 ಆಂಪಿಯರ್‌ನದು. 230 ವೋಲ್ಟ್‌ನಿಂದ ಗುಣಿಸಿದರೆ ಅದು ತಾಳಬಲ್ಲದ್ದು 1,380 ವಾಟ್. ಗೀಸರ್‌ಗೆ ಹಾಕಿಸುವ ದೊಡ್ಡ 16 ಆಂಪಿಯರ್ ಸಾಕೆಟ್ ಕೂಡ 3,680 ವಾಟ್‌ಗೆ ನಿಲ್ಲುತ್ತದೆ. ಸತತವಾಗಿ 10,000 ವಾಟ್ ಎಳೆಯಬೇಕಾದರೆ 43 ಆಂಪಿಯರ್‌ಗಿಂತ ಹೆಚ್ಚು ಬೇಕು. ಚಿಕ್ಕ ಪ್ಲಗ್ಗಿನ ಪೆಟ್ಟಿಗೆಯಿಂದ ಅದು ಆಗದ ಮಾತು.

ಹಾಗಾದರೆ ಆ ಅಂಕಿ ಬಂದದ್ದೆಲ್ಲಿಂದ?

ಆ ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಪಿಎಂಪಿಓ’ ಎಂದು ಬರೆದಿರುತ್ತದೆ. ಆಂಪ್ಲಿಫೈಯರ್‌ನೊಳಗಿನ ಕೆಪಾಸಿಟರ್‌ಗಳು ಸ್ವಲ್ಪ ವಿದ್ಯುತ್ತನ್ನು ಕೂಡಿಟ್ಟುಕೊಂಡಿರುತ್ತವೆ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಅದು ಒಮ್ಮೆಲೇ ಹೊರಬಿದ್ದರೆ ಎಷ್ಟಾಗಬಹುದು ಎಂಬ ಅಂದಾಜನ್ನು ಎಲ್ಲ ಚಾನೆಲ್‌ಗಳಿಗೂ ಕೂಡಿ ಬರೆಯುತ್ತಾರೆ. ಇದನ್ನು ಹೀಗೇ ಅಳೆಯಬೇಕೆಂಬ ಒಪ್ಪಿತ ಮಾನದಂಡ ಇಲ್ಲ. ಆದ್ದರಿಂದ ಒಬ್ಬರು 2,000 ಎಂದರೆ ಇನ್ನೊಬ್ಬರು 10,000 ಎನ್ನಬಹುದು.

ಈ ಆಟ ಹಳೆಯದು, ಊರೂರಿನದು. ಅಮೆರಿಕದಲ್ಲಿ ಆಂಪ್ಲಿಫೈಯರ್ ವಾಟ್‌ಗಳ ಜಾಹೀರಾತಿಗೆಂದೇ 1974ರಲ್ಲಿ ಸರ್ಕಾರ ನಿಯಮ ತರಬೇಕಾಯಿತು.

ನೀವು ನೋಡಬೇಕಾದ್ದು ‘ಆರ್‌ಎಂಎಸ್’ ಎಂದು ಬರೆದಿರುವ, ಆಂಪ್ಲಿಫೈಯರ್ ಸತತವಾಗಿ ಕೊಡಬಲ್ಲ ವಾಟ್. ಒಳ್ಳೆಯ ಕಂಪನಿಯ ಎವಿ ರಿಸೀವರ್‌ನಲ್ಲಿಯೂ ಇಲ್ಲಿ ಎಚ್ಚರ ಬೇಕು. ಒಂದೇ ರಿಸೀವರ್‌ಗೆ ಎರಡು ಅಂಕಿ ಇರಬಹುದು. ‘ಒಂದೇ ಚಾನೆಲ್, 6 ಓಮ್, 10 ಶೇಕಡಾ ಡಿಸ್ಟಾರ್ಷನ್’ ಎಂಬ ಷರತ್ತಿನಲ್ಲಿ 150 ವಾಟ್ ಬರೆದದ್ದೇ, ‘ಎರಡು ಚಾನೆಲ್, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 0.1 ಶೇಕಡಾಗಿಂತ ಕಡಿಮೆ ಡಿಸ್ಟಾರ್ಷನ್’ ಎಂಬ ಷರತ್ತಿನಲ್ಲಿ 80 ವಾಟ್ ಆಗಬಹುದು. ಡಿಸ್ಟಾರ್ಷನ್ ಎಂದರೆ ಸದ್ದು ಒಡೆಯುವುದು. ಶೇಕಡಾ 10ರಷ್ಟು ಒಡೆದ ಸದ್ದನ್ನು ಯಾರೂ ಕೂತು ಕೇಳುವುದಿಲ್ಲ. ಹೋಲಿಸುವಾಗ ಎರಡನೇ ಬಗೆಯ ಅಂಕಿಯನ್ನೇ ಹೋಲಿಸಿ.

ನಿಮ್ಮ ಹಾಲ್‌ಗೆ ಎಷ್ಟು ವಾಟ್ ಬೇಕು?

ವಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ, 3 ಡೆಸಿಬಲ್ ಮಾತ್ರ ಏರುತ್ತದೆ. ಅದು ಕಿವಿಗೆ ‘ಸ್ವಲ್ಪ ಜಾಸ್ತಿ’ ಅನ್ನಿಸುವಷ್ಟೇ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು.

ಸ್ಪೀಕರ್‌ನ ವಿವರದಲ್ಲಿ ‘ಸೆನ್ಸಿಟಿವಿಟಿ 88 ಡೆಸಿಬಲ್’ ಎಂದಿದೆ ಎಂದುಕೊಳ್ಳಿ. ಅಂದರೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 88 ಡೆಸಿಬಲ್. 2 ಮೀಟರ್ ದೂರದಲ್ಲಿ ಕೂತರೆ ಸುಮಾರು 82. ನಾವು ಮಾತನಾಡುವ ಸದ್ದು ಸುಮಾರು 60 ಡೆಸಿಬಲ್. ಅಂದರೆ ದಿನನಿತ್ಯದ ಸಿನಿಮಾ, ಹಾಡಿಗೆ 1 ವಾಟ್ ಕೂಡ ಪೂರ್ತಿ ಖರ್ಚಾಗುವುದಿಲ್ಲ. ಕೆಜಿಎಫ್ ಸಿನಿಮಾದ ಸುತ್ತಿಗೆ ಏಟಿನಂಥ ದೃಶ್ಯ ಬಂದಾಗ ಒಂದು ಕ್ಷಣಕ್ಕೆ 20 ಡೆಸಿಬಲ್ ಏರಲು 100 ವಾಟ್ ಬೇಕಾಗಬಹುದು. ಗಣಿ ಕಾಲೋನಿಯ ಲೈನ್ ಮನೆ ಇರಲಿ, ಬಂಗಾರಪೇಟೆಯ ಹೊಸ ಮನೆಯ ಹಾಲ್ ಇರಲಿ, ಚಾನೆಲ್‌ಗೆ 60ರಿಂದ 80 ನಿಜವಾದ ವಾಟ್ ಇದ್ದರೆ ಧಾರಾಳ.

ಸದ್ದು ಹೆಚ್ಚಿಸುವುದಕ್ಕೂ ಮಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಗೋಡೆಗೆ ಗೋಡೆ ತಾಗಿದ ಲೈನ್ ಮನೆಗಳಲ್ಲಿ ಸಬ್‌ವೂಫರ್‌ನ ‘ಧಡ್ ಧಡ್’ ಪಕ್ಕದ ಮನೆಯವರಿಗೂ ಪಾಲು ಹೋಗುತ್ತದೆ ಎಂಬುದು ನೆನಪಿರಲಿ.

ವಾಟ್ ಬಿಟ್ಟು ಏನು ನೋಡಬೇಕು?

ಮೊದಲ ಪ್ರಶ್ನೆ: ನಿಮಗೆ ರಿಸೀವರ್ ಬೇಕೇ? ರಿಸೀವರ್ ಎಂದರೆ ಟಿವಿ, ಸೆಟ್‌ಟಾಪ್ ಬಾಕ್ಸ್, ಗೇಮ್ ಮೊದಲಾದವನ್ನು ಒಂದೆಡೆ ಸೇರಿಸಿಕೊಂಡು, ಸದ್ದನ್ನು ಬೇರೆ ಬೇರೆ ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ. ಸಾಮಾನ್ಯವಾಗಿ ಇದರ ಜೊತೆ ಸ್ಪೀಕರ್ ಬರುವುದಿಲ್ಲ, ಅದಕ್ಕೆ ಬೇರೆ ಖರ್ಚು. ಐದು ಸ್ಪೀಕರ್ ಇಡಲು ಜಾಗ, ವೈರ್ ಎಳೆಯಲು ದಾರಿ ಇಲ್ಲದಿದ್ದರೆ ಒಂದು ಸೌಂಡ್‌ಬಾರ್ ಸಾಕಾಗಬಹುದು.

ಚಾನೆಲ್: 5.1 ಎಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್. 5.1.2 ಎಂದರೆ ಅದರ ಮೇಲೆ ಎತ್ತರದಿಂದ ಸದ್ದು ಬರಲು ಇನ್ನೆರಡು. ಮಾತು ಸ್ಪಷ್ಟವಾಗಿ ಕೇಳಿಸಬೇಕೆಂದರೆ ನಡುವಿನ ಸೆಂಟರ್ ಸ್ಪೀಕರ್ ಚೆನ್ನಾಗಿರಬೇಕು, ಸಿನಿಮಾದ ಡೈಲಾಗ್ ಹೆಚ್ಚಾಗಿ ಅದರಲ್ಲೇ ಬರುತ್ತದೆ.

ಟಿವಿಗೆ ಜೋಡಣೆ: ಟಿವಿಯ ಎಚ್‌ಡಿಎಂಐ ಸಾಕೆಟ್ ಪಕ್ಕ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದಿದೆಯೇ ನೋಡಿ. ಇದ್ದರೆ ಒಂದೇ ಕೇಬಲ್‌ನಲ್ಲಿ ಟಿವಿಯ ಸದ್ದು ರಿಸೀವರ್‌ಗೆ ಬರುತ್ತದೆ. ಓಟಿಟಿಯ ಡಾಲ್ಬಿ ಅಟ್ಮಾಸ್‌ಗೆ ಇಎಆರ್‌ಸಿಯೇ ಬೇಕೆಂಬುದು ಪೂರ್ತಿ ನಿಜವಲ್ಲ. ಟಿವಿ, ರಿಸೀವರ್ ಎರಡೂ ಬೆಂಬಲಿಸಿದರೆ ಎಆರ್‌ಸಿಯಲ್ಲೂ ಬರುತ್ತದೆ.

ಯೂಟ್ಯೂಬ್‌ನ ಹಳೆಯ ಕನ್ನಡ ಹಾಡುಗಳಲ್ಲಿ ಇರುವುದು ಹೆಚ್ಚೆಂದರೆ ಎರಡು ಚಾನೆಲ್. ರಿಸೀವರ್ ಅದನ್ನು ಐದಕ್ಕೂ ಹಂಚಬಲ್ಲದು, ಆದರೆ ಮೂಲದಲ್ಲಿ ಇಲ್ಲದ ಸದ್ದನ್ನು ತಂದು ಕೊಡಲಾರದು.

ಓಮ್: ಸ್ಪೀಕರ್ 4 ಓಮ್‌ನದಾಗಿ, ರಿಸೀವರ್‌ನ ಹಿಂಬದಿ 6ರಿಂದ 16 ಓಮ್ ಎಂದಿದ್ದರೆ ಆ ಜೋಡಿ ಬೇಡ. ರಿಸೀವರ್ ಮಿತಿಮೀರಿ ಬಿಸಿಯಾಗುತ್ತದೆ.

ಮನೆ ಸುಡುವ ತಪ್ಪುಗಳು

‘ಅಮೆರಿಕದಿಂದ ತಂದದ್ದು, ಅಡಾಪ್ಟರ್ ಹಾಕಿದರೆ ಆಯ್ತು’ ಎಂಬ ಮಾತು ಅಪಾಯಕಾರಿ. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು, ವೋಲ್ಟೇಜನ್ನಲ್ಲ. 120 ವೋಲ್ಟ್ ಎಂದು ಮಾತ್ರ ಬರೆದಿರುವ ರಿಸೀವರನ್ನು ನಮ್ಮ 230 ವೋಲ್ಟ್‌ಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. ಹಿಂಬದಿಯ ಚೀಟಿಯಲ್ಲಿ 220ರಿಂದ 240 ವೋಲ್ಟ್, ಇಲ್ಲವೇ 100ರಿಂದ 240 ವೋಲ್ಟ್ ಎಂದಿರಬೇಕು.

ಮೂರು ಪಿನ್ನಿನ ಪ್ಲಗ್ ಇದ್ದರೆ ಅರ್ಥಿಂಗ್ ಪಿನ್ನನ್ನು ಕತ್ತರಿಸಬೇಡಿ. ಹಳೆಯ ಮನೆಯಾದರೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ರಿಸೀವರನ್ನು ಮುಚ್ಚಿದ ಕಪಾಟಿನಲ್ಲಿ ಇಡಬೇಡಿ, ಮೇಲೆ ಬಟ್ಟೆ ಹೊದಿಸಬೇಡಿ. ಗಾಳಿ ಬೀಸುವ ತಿಂಗಳುಗಳಲ್ಲಿ ಸೈನೈಡ್ ದಿಬ್ಬದ ಧೂಳು ಮನೆಯೊಳಗೆ ಬರುವ ಕಡೆ, ಗಾಳಿಯಾಡುವ ಸೀಳುಗಳನ್ನು ಆಗಾಗ ಒಣ ಬ್ರಷ್‌ನಿಂದ ಸ್ವಚ್ಛ ಮಾಡಿ. ಸಿಡಿಲು ಮಳೆಯ ಸೂಚನೆ ಕಂಡ ಕೂಡಲೇ ಪ್ಲಗ್ ಮತ್ತು ಕೇಬಲ್ ವೈರ್ ಎರಡನ್ನೂ ಕಿತ್ತಿಡಿ.

ದುಡ್ಡು ಕೊಡುವ ಮುಂಚೆ

ರಸ್ತೆ ಬದಿ ಗಾಡಿ ನಿಲ್ಲಿಸಿ ‘ಆರ್ಡರ್ ಉಳಿದುಬಿಟ್ಟಿದೆ, ಅರ್ಧ ಬೆಲೆಗೆ ತಗೊಳ್ಳಿ’ ಎಂದು ಸ್ಪೀಕರ್ ಮಾರುವುದು ಹಲವು ದೇಶಗಳಲ್ಲಿ ದಶಕಗಳಿಂದ ನಡೆದು ಬಂದ ಮೋಸ. ಪೆಟ್ಟಿಗೆ ಮೇಲೆ ದೊಡ್ಡ ಎಂಆರ್‌ಪಿ, ಒಳಗೆ ಅಗ್ಗದ ಮಾಲು. ಬಿಲ್ ಇಲ್ಲದ ವ್ಯಾಪಾರ ಬೇಡ.

ಅಂಗಡಿಯಲ್ಲೇ ಇರಲಿ, ಆನ್‌ಲೈನ್‌ನಲ್ಲೇ ಇರಲಿ, ನಾಲ್ಕು ಪ್ರಶ್ನೆ ಕೇಳಿ.

1. ಎರಡು ಚಾನೆಲ್ ನಡೆಸಿದಾಗ, 8 ಓಮ್‌ಗೆ, ಆರ್‌ಎಂಎಸ್ ಎಷ್ಟು ವಾಟ್?
2. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಪೆಟ್ಟಿಗೆ ಮೇಲಿದೆಯೇ? ಬಿಐಎಸ್‌ನ ‘ಆರ್’ ನೋಂದಣಿ ಸಂಖ್ಯೆ ಇದ್ದರೆ ಅದು ಅಸಲಿಯೇ ಎಂದು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ನೋಡಬಹುದು.
3. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ? ಸರ್ವಿಸ್ ಸೆಂಟರ್ ಎಲ್ಲಿದೆ? ಬೆಂಗಳೂರಿನಲ್ಲಾದರೆ ಭಾರದ ಪೆಟ್ಟಿಗೆಯನ್ನು ರೈಲಿನಲ್ಲಿ ಹೊತ್ತೊಯ್ಯುವವರು ನೀವೇ.
4. ಜಿಎಸ್‌ಟಿ ಬಿಲ್ ಕೊಡುತ್ತೀರಾ?

ಹೇಳಿದ್ದೊಂದು, ಕೊಟ್ಟದ್ದೊಂದು ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ದಾರಿತಪ್ಪಿಸುವ ಜಾಹೀರಾತಿನ ವಿರುದ್ಧ ದೂರಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಅದಕ್ಕೆ ಬಿಲ್ ಮತ್ತು ಆ ಜಾಹೀರಾತಿನ ಸ್ಕ್ರೀನ್‌ಶಾಟ್ ಜೋಪಾನವಾಗಿ ಇಟ್ಟುಕೊಳ್ಳಿ.

ನಮ್ಮ ತೀರ್ಮಾನ: ‘10,000 ವಾಟ್’ ಎಂಬುದು ಮಾರಾಟದ ಅಂಕಿ, ಸದ್ದಿನ ಅಳತೆಯಲ್ಲ. ಮುಂದಿನ ಸಲ ಆ ಫಾರ್ವರ್ಡ್ ಗ್ರೂಪ್‌ಗೆ ಬಂದರೆ ಇಷ್ಟು ಕೇಳಿ: ‘ಅಣ್ಣ, ಇದು ಯಾವ ಸಾಕೆಟ್‌ಗೆ ಹಾಕೋದು?’