ಕರುಳಿನ ಕ್ಯಾನ್ಸರ್ ತಡೆಗೆ ಲಿಥಿಯಂ: ಆರೋಗ್ಯವಂತ ಕೋಶಗಳಿಗೆ ಬಲ ತುಂಬುವ ಸಂಶೋಧನೆ

1817ರಲ್ಲಿ ಸ್ವೀಡನ್ನಿನಲ್ಲಿ ಪತ್ತೆಯಾದ ಲಿಥಿಯಂ ಎಂಬ ಹಗುರ ಲೋಹದ ಲವಣಗಳು ಉನ್ಮಾದವನ್ನು ಶಮನಗೊಳಿಸುತ್ತವೆ ಎಂದು ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ 1949ರಲ್ಲಿ ವರದಿ ಮಾಡಿದರು. ಇಂದಿಗೂ ಬೈಪೋಲಾರ್ ಕಾಯಿಲೆಗೆ ಮುಖ್ಯ ಔಷಧವಾಗಿರುವ ಈ ಲವಣಗಳು ಈಗ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನ ಸಂಶೋಧಕರ ಗಮನವನ್ನೂ ಸೆಳೆದಿವೆ.

ಕರುಳಿನ ಒಳಪದರದಲ್ಲಿ ಅಸಂಖ್ಯ ಸೂಕ್ಷ್ಮ ಗುಣಿಗಳಿದ್ದು, ಪ್ರತಿ ಗುಣಿಯ ತಳದಲ್ಲಿರುವ ಕೆಲವೇ ಆಕರ ಕೋಶಗಳು, ಅಂದರೆ ಇತರ ಕೋಶಗಳಿಗೆ ಜನ್ಮ ಕೊಡುವ ಮೂಲ ಕೋಶಗಳು, ಸತತವಾಗಿ ವಿಭಜನೆಗೊಂಡು ಆ ಪದರವನ್ನು ಕೆಲವೇ ದಿನಗಳಿಗೊಮ್ಮೆ ಹೊಸದಾಗಿಸುತ್ತವೆ. ಅವು ಆಕರ ಕೋಶಗಳಾಗಿಯೇ ಉಳಿಯಲು 'ವಿಂಟ್' ಎಂಬ ರಾಸಾಯನಿಕ ಸಂಕೇತ ಬೇಕು. ಈ ಸಂಕೇತವು ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನಿನ ಮೂಲಕ ಕೆಲಸ ಮಾಡುತ್ತದೆ. ಆ ಪ್ರೋಟೀನು ಮಿತಿಮೀರದಂತೆ ಜಿಎಸ್‌ಕೆ-3 ಎಂಬ ಕಿಣ್ವ ಮತ್ತು ಎಪಿಸಿ ಎಂಬ ವಂಶವಾಹಿಯ ಉತ್ಪನ್ನ ಒಟ್ಟಾಗಿ ಅದನ್ನು ನಾಶಕ್ಕೆ ಗುರಿಪಡಿಸುತ್ತವೆ. ಈ ಕ್ಯಾನ್ಸರುಗಳಲ್ಲಿ ಬಹುಪಾಲು ಎಪಿಸಿ ಕೆಡುವುದರಿಂದಲೇ ಆರಂಭವಾಗುತ್ತವೆ.

ಲಿಥಿಯಂ ಜಿಎಸ್‌ಕೆ-3 ಕಿಣ್ವವನ್ನು ತಡೆಯುತ್ತದೆಂಬುದು 1996ರಲ್ಲಿ ತಿಳಿದಾಗ, ಅದು ಬೀಟಾ-ಕ್ಯಾಟೆನಿನ್ ಹೆಚ್ಚಿಸಿ ಕ್ಯಾನ್ಸರಿಗೆ ಇಂಬು ಕೊಡಬಹುದೇ ಎಂಬ ಆತಂಕ ಸಹಜವಾಗಿತ್ತು. ಆದರೆ ಎಪಿಸಿ ಕೆಟ್ಟ ಕೋಶದಲ್ಲಿ ಬೀಟಾ-ಕ್ಯಾಟೆನಿನ್ ಮೊದಲೇ ತುಂಬಿಕೊಂಡಿರುವುದರಿಂದ, ಲಿಥಿಯಂನ ಪ್ರಭಾವ ಅದರ ಆರೋಗ್ಯವಂತ ನೆರೆಕೋಶಗಳ ಮೇಲೆ ಎದ್ದು ಕಾಣುತ್ತದೆ.

ಇದರ ಮಹತ್ವವನ್ನು ಆಮ್‌ಸ್ಟರ್‌ಡ್ಯಾಮಿನ ಲೂಯಿ ವರ್ಮ್ಯೂಲೆನ್ ತಂಡವು 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿತು. ಎಪಿಸಿ ಕೆಟ್ಟ ಕೋಶಗಳು ನೋಟಮ್ ಮೊದಲಾದ ವಿಂಟ್-ವಿರೋಧಿ ವಸ್ತುಗಳನ್ನು ಸ್ರವಿಸಿ, ಸುತ್ತಲಿನ ಆಕರ ಕೋಶಗಳು ತಮ್ಮ ಸಾಮರ್ಥ್ಯ ಕಳೆದುಕೊಳ್ಳುವಂತೆ ಮಾಡಿ ಇಡೀ ಗುಣಿಯನ್ನು ಆಕ್ರಮಿಸುತ್ತವೆ. ನೋಟಮ್‌ನ ಈ ಪಾತ್ರವನ್ನು ಗ್ಲಾಸ್ಗೋದ ತಂಡವೊಂದು ಅದೇ ವರ್ಷ ಪ್ರತ್ಯೇಕವಾಗಿ ವರದಿ ಮಾಡಿತು. ವರ್ಮ್ಯೂಲೆನ್ ತಂಡವು ಇಲಿಗಳಿಗೆ ಲಿಥಿಯಂ ಕ್ಲೋರೈಡ್ ಕೊಟ್ಟಾಗ ಆರೋಗ್ಯವಂತ ಕೋಶಗಳು ಆ ವಿರೋಧಿ ವಸ್ತುಗಳಿಗೆ ಮಣಿಯದೆ ಪೈಪೋಟಿಯಲ್ಲಿ ಉಳಿದುಕೊಂಡವು, ಗಡ್ಡೆಗಳು ಹುಟ್ಟುವುದೂ ಕಡಿಮೆಯಾಯಿತು. ಕಳೆಯನ್ನು ಕೀಳುವ ಬದಲು ಪೈರನ್ನೇ ಬಲಪಡಿಸುವಂಥ ಈ ವಿಧಾನವು ಕೋಶಗಳನ್ನು ಕೊಲ್ಲುವ ಕಿಮೊಥೆರಪಿಗಿಂತ ಮೂಲತಃ ಭಿನ್ನವಾದುದು.

ಕೆಟ್ಟ ಕೋಶಗಳು ಗುಣಿಯನ್ನು ಪೂರ್ತಿ ಆಕ್ರಮಿಸಿದ ಮೇಲೆ ಬಲ ತುಂಬಲು ಆರೋಗ್ಯವಂತ ಆಕರ ಕೋಶಗಳೇ ಅಲ್ಲಿ ಉಳಿಯುವುದಿಲ್ಲವಾದ್ದರಿಂದ, ಈ ಸಂಶೋಧನೆಯ ಭರವಸೆ ಇರುವುದು ಬೆಳೆದ ಕ್ಯಾನ್ಸರಿನ ಚಿಕಿತ್ಸೆಗಿಂತ ಅದರ ತಡೆಯಲ್ಲಿ. ದೋಷವುಳ್ಳ ಎಪಿಸಿ ಹುಟ್ಟಿನಿಂದಲೇ ಬಂದು, ಹರೆಯದಲ್ಲೇ ಕರುಳಿನ ತುಂಬ ನೂರಾರು ಪಾಲಿಪ್‌ಗಳು ಎಂಬ ಸಣ್ಣ ಗಡ್ಡೆಗಳು ಏಳುವ ಕುಟುಂಬಗಳಿಗೆ ಇಂದು ದೊಡ್ಡ ಕರುಳನ್ನು ತೆಗೆಸಿಹಾಕುವುದೇ ಮುಖ್ಯ ಉಪಾಯವಾಗಿರುವಾಗ, ಇಂಥ ಔಷಧದ ಹುಡುಕಾಟ ಅವರ ಪಾಲಿಗೆ ಬಹಳ ದೊಡ್ಡದು.

ಆದರೂ ಇಲಿಯ ಫಲಿತಾಂಶ ಮನುಷ್ಯನಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲಿನ ಪ್ರಯೋಗಗಳಲ್ಲಿ ಎಷ್ಟೋ ಬಾರಿ ಲೀಟರಿಗೆ 10 ಮಿಲಿಮೋಲ್ ಅಥವಾ ಅದಕ್ಕೂ ಹೆಚ್ಚು ಲಿಥಿಯಂ ಬಳಸುತ್ತಾರೆ. ರೋಗಿಯ ರಕ್ತದಲ್ಲಿ ಅದು ಸಾಮಾನ್ಯವಾಗಿ 0.6ರಿಂದ 1.2 ಮಿಲಿಮೋಲ್ ಒಳಗಿರಬೇಕು, 1.5 ದಾಟಿದರೆ ವಿಷಲಕ್ಷಣಗಳು ಕಾಣಿಸಿಕೊಳ್ಳಬಹುದು, ದೀರ್ಘಕಾಲದ ಸೇವನೆ ಮೂತ್ರಪಿಂಡ ಮತ್ತು ಥೈರಾಯ್ಡ್ ಗ್ರಂಥಿಗೆ ಹಾನಿ ಮಾಡಬಹುದು. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಯಾರೂ ಇದನ್ನು ಸೇವಿಸಬಾರದು. ಸುರಕ್ಷಿತ ಪ್ರಮಾಣದಲ್ಲಿಯೇ ಮನುಷ್ಯರ ಕರುಳಿನಲ್ಲೂ ಇದು ಫಲ ಕೊಡುವುದೆಂದು ಚಿಕಿತ್ಸಾ ಪರೀಕ್ಷೆಗಳು ತೋರಿಸಿಕೊಟ್ಟ ಮೇಲೆ ಮಾತ್ರ ಲಿಥಿಯಂ ಅನ್ನು ಕರುಳಿನ ಕ್ಯಾನ್ಸರಿನ ಔಷಧವೆಂದು ಕರೆಯಲು ಸಾಧ್ಯ.